ಅವರಿಗೆ ಆಸ್ಪತ್ರೆ, ನಮಗೆ ಬೇವಿನಸೊಪ್ಪು

ಈ ದೇಶದಲ್ಲಿ ಒಮ್ಮೆ ಹೆಸರು ಮಾಡಿಬಿಟ್ಟರೆ ಸಾಕು, ಯಾವುದರ ಬಗ್ಗೆ ಬೇಕಾದರೂ ಮಾತಾಡಬಹುದು. ಕ್ರಿಕೆಟ್ ಆಡಿದವನು ಕ್ಯಾನ್ಸರಿಗೆ ಪಥ್ಯ ಹೇಳುತ್ತಾನೆ. ಸಿನಿಮಾದ ನಾಯಕ ರೋಗಾಣು ಸಾಯುವ ತಿಥಿ ಹೇಳುತ್ತಾನೆ. ಆಸನ ಹೇಳಿಕೊಡುವ ಸನ್ಯಾಸಿ ಲಸಿಕೆಯ ಮೇಲೆ ತೀರ್ಪು ಕೊಡುತ್ತಾನೆ. ಇದನ್ನೆಲ್ಲ ಕೇಳಿಸಿಕೊಳ್ಳುವ ಕೋಟ್ಯಂತರ ಜನ ಯಾರು? ಆಸ್ಪತ್ರೆಗೆ ಹೋಗಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕಾದವರು. ಬಸ್ ಚಾರ್ಜಿಗೆ ಕೈಸಾಲ ಮಾಡಬೇಕಾದವರು. ಮಾತು ಸುಳ್ಳಾದರೆ ಹೇಳಿದವನಿಗೆ ಏನೂ ಆಗುವುದಿಲ್ಲ, ಕೇಳಿದವನ ಮನೆಯಲ್ಲಿ ಹೆಣ ಬೀಳುತ್ತದೆ.

ಇದನ್ನು ಬರೀ ಮೌಢ್ಯ ಅಂತ ಕರೆದು ಕೈತೊಳೆದುಕೊಳ್ಳುವ ವಿಚಾರವಾದ ನಮಗೆ ಬೇಡ. ಹಳ್ಳಿಯವರು ದಡ್ಡರು, ಅದಕ್ಕೇ ನಂಬುತ್ತಾರೆ ಅನ್ನುವುದು ಉಳ್ಳವರ ವಿಚಾರವಾದ. ಇಲ್ಲಿ ನೋಡಬೇಕಾದದ್ದು ಬೇರೆ ಇದೆ. ನಮಗೆ ಎಲೆ, ಹಣ್ಣು, ಪುಡಿ ಹೇಳುವ ದೊಡ್ಡವರು ತಮ್ಮ ಮೈಗೆ ಬಂದಾಗ ಅದೊಂದನ್ನೇ ನಂಬಿ ಮನೆಯಲ್ಲಿ ಕೂರುವುದಿಲ್ಲ.

ಬಾಬಾ ರಾಮದೇವ್ ಅವರಿಂದ ಶುರು ಮಾಡೋಣ. 2020ರ ಜೂನ್ 23ರಂದು ಹರಿದ್ವಾರದಲ್ಲಿ ಅವರ ಪತಂಜಲಿ ಸಂಸ್ಥೆ ಕೊರೋನಿಲ್ ಅನ್ನುವ ಮಾತ್ರೆ ಬಿಡುಗಡೆ ಮಾಡಿತು. ಏಳು ದಿನದಲ್ಲಿ ನೂರಕ್ಕೆ ನೂರು ರೋಗಿಗಳು ಗುಣವಾಗುತ್ತಾರೆ ಅಂತ ಘೋಷಿಸಿತು. ಕೇಂದ್ರದ ಆಯುಷ್ ಸಚಿವಾಲಯವೇ ಅವತ್ತು ಜಾಹೀರಾತು ನಿಲ್ಲಿಸಿ ಎಂದಿತು. 2021ರ ಫೆಬ್ರವರಿ 19ರಂದು ದಿಲ್ಲಿಯಲ್ಲಿ ಅದೇ ಮಾತ್ರೆಯ ಇನ್ನೊಂದು ಸಮಾರಂಭ ನಡೆಯಿತು. ವೇದಿಕೆಯ ಮೇಲೆ ಕೇಂದ್ರ ಆರೋಗ್ಯ ಸಚಿವ ಹರ್ಷವರ್ಧನ್ ಇದ್ದರು. ಅವರು ಓದಿದ್ದು ಡಾಕ್ಟರಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರೂ ಪ್ರಚಾರಕ್ಕೆ ಬಂತು. ಕೊರೋನಾಕ್ಕೆ ಯಾವ ಸಾಂಪ್ರದಾಯಿಕ ಔಷಧಿಯನ್ನೂ ತಾನು ಪರಿಶೀಲಿಸಿಲ್ಲ, ಪ್ರಮಾಣಪತ್ರ ಕೊಟ್ಟಿಲ್ಲ ಅಂತ ಆ ಸಂಸ್ಥೆ ಸ್ಪಷ್ಟಪಡಿಸಬೇಕಾಯಿತು.

ಸಾಹಿತ್ಯ ಓದುವವರು ಈ ಜಾಹೀರಾತನ್ನೂ ಒಂದು ಪಠ್ಯವಾಗಿ ಓದಬೇಕು. ನಮ್ಮ ವ್ರತಕಥೆಗಳ ಕೊನೆಯಲ್ಲಿ ಫಲಶ್ರುತಿ ಅಂತ ಬರುತ್ತದೆ. ಈ ವ್ರತ ಮಾಡಿದವರಿಗೆ ರೋಗ ಹೋಗುತ್ತದೆ, ಭಾಗ್ಯ ಬರುತ್ತದೆ, ಮಕ್ಕಳಾಗುತ್ತವೆ. ಏಳು ದಿನ, ನೂರಕ್ಕೆ ನೂರು ಅನ್ನುವುದು ಅದೇ ಫಲಶ್ರುತಿ. ಅಂಕಿಯ ಬಟ್ಟೆ ಹಾಕಿಕೊಂಡು ಬಂದಿದೆ ಅಷ್ಟೇ. ಫಲ ಸಿಗದಿದ್ದರೆ ತಪ್ಪು ವ್ರತದ್ದಲ್ಲ, ಮಾಡಿದವನ ಭಕ್ತಿಯದ್ದು. ಮಾತ್ರೆಯಲ್ಲೂ ಹಾಗೆಯೇ: ಗುಣವಾಗದಿದ್ದರೆ ನೀನು ಪಥ್ಯ ಮಾಡಲಿಲ್ಲ, ನಿನಗೆ ನಂಬಿಕೆ ಸಾಲಲಿಲ್ಲ. ವಿಜ್ಞಾನದ ಮಾತು ಹೀಗಿರುವುದಿಲ್ಲ. ಎಷ್ಟು ಜನರಿಗೆ ಕೊಟ್ಟೆವು, ಎಷ್ಟು ಜನರಿಗೆ ಕೊಡದೆ ಹೋಲಿಸಿ ನೋಡಿದೆವು, ಎಷ್ಟು ಜನರಿಗೆ ಗುಣ ಕಾಣಲಿಲ್ಲ ಅಂತ ಅದು ಲೆಕ್ಕ ಒಪ್ಪಿಸಬೇಕು. ಸೋಲನ್ನು ಬರೆದಿಡದ ಔಷಧಿ ಪುರೋಹಿತನ ಔಷಧಿ.

2021ರ ಮೇ ತಿಂಗಳು. ಸ್ಮಶಾನಗಳಲ್ಲಿ ಸಾಲು ನಿಂತಿದ್ದ ಕಾಲ. ಆಗ ರಾಮದೇವ್ ಅವರು ಅಲೋಪಥಿಯನ್ನು ದಿವಾಳಿ ಎದ್ದ, ಮೂರ್ಖ ವಿಜ್ಞಾನ ಅಂತ ಜರಿದರು. ಲಕ್ಷಾಂತರ ಜನ ಆ ಔಷಧಿಗಳಿಂದಲೇ ಸತ್ತರು ಅಂದರು. ಆರೋಗ್ಯ ಸಚಿವರು ಪತ್ರ ಬರೆದ ಮೇಲೆ ಮಾತು ವಾಪಸ್ ತೆಗೆದುಕೊಂಡರು. ಜೂನ್ ತಿಂಗಳಲ್ಲಿ ತಾವೂ ಲಸಿಕೆ ಹಾಕಿಸಿಕೊಳ್ಳುವುದಾಗಿ ಹೇಳಿ, ವೈದ್ಯರನ್ನು ದೇವದೂತರು ಅಂತ ಹೊಗಳಿದರು. ಆದರೆ ಮೊದಲ ಮಾತು ಊರೂರು ಸುತ್ತಿ ಆಗಿತ್ತು. ಎರಡನೆಯ ಮಾತಿಗೆ ಅಷ್ಟು ಕಾಲು ಇರಲಿಲ್ಲ. ಇದೇ ಬಾಬಾ 2011ರ ಜೂನ್‌ನಲ್ಲಿ ಉಪವಾಸ ಕೂತು ನಿತ್ರಾಣರಾದಾಗ ಅವರನ್ನು ದಾಖಲು ಮಾಡಿದ್ದು ಡೆಹ್ರಾಡೂನಿನ ಆಸ್ಪತ್ರೆಗೆ. ಅಲ್ಲಿ ಡ್ರಿಪ್ ಹಾಕಿದರು. ಒಳ್ಳೆಯದೇ ಆಯಿತು, ಜೀವ ಯಾರದ್ದಾದರೂ ಜೀವವೇ. ನಮ್ಮ ಹಟ್ಟಿಯ ಜೀವಕ್ಕೂ ಆ ಡ್ರಿಪ್ ಬೇಕು ಅನ್ನುವುದಷ್ಟೇ ನಮ್ಮ ಮಾತು.

2022ರ ಜುಲೈನಲ್ಲಿ ಪತಂಜಲಿ ಪತ್ರಿಕೆಗಳಲ್ಲಿ ಅಲೋಪಥಿಯ ವಿರುದ್ಧ ದೊಡ್ಡ ಜಾಹೀರಾತು ಕೊಟ್ಟಿತು. ಭಾರತೀಯ ವೈದ್ಯಕೀಯ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ನವೆಂಬರಿನಲ್ಲಿ ಇನ್ನು ಹೀಗೆ ಮಾಡುವುದಿಲ್ಲ ಅಂತ ಕಂಪನಿ ಕೋರ್ಟಿಗೆ ಮಾತು ಕೊಟ್ಟಿತು, ಮಾತು ನಡೆಸಲಿಲ್ಲ. 2024ರ ಫೆಬ್ರವರಿಯಲ್ಲಿ ನ್ಯಾಯಾಂಗ ನಿಂದನೆಯ ನೋಟೀಸು ಬಂತು. ಏಪ್ರಿಲ್‌ನಲ್ಲಿ 67 ಪತ್ರಿಕೆಗಳಲ್ಲಿ ಕ್ಷಮಾಪಣೆ ಅಚ್ಚಾಯಿತು. ನಿಮ್ಮ ಜಾಹೀರಾತು ಇದ್ದಷ್ಟೇ ದೊಡ್ಡದಾಗಿ ಕ್ಷಮಾಪಣೆಯೂ ಇದೆಯೇ ಅಂತ ನ್ಯಾಯಮೂರ್ತಿಗಳು ಕೇಳಿದರು. ಮೇ 7ರಂದು, ಸುಳ್ಳು ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವ ಖ್ಯಾತನಾಮರೂ ಅಷ್ಟೇ ಹೊಣೆಗಾರರು ಅಂದರು. ಆಗಸ್ಟ್ 13ರಂದು ಕ್ಷಮೆ ಒಪ್ಪಿ ನಿಂದನೆಯ ಪ್ರಕರಣ ಮುಗಿಸಿದರು. ಅಲ್ಲಿಗೆ ಮುಗಿಯಿತು.

ಈಗ ಇದರ ಪಕ್ಕದಲ್ಲಿ ಇನ್ನೊಂದು ಕಾನೂನು ಇಟ್ಟು ನೋಡಿ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯಿದೆಯ ಪ್ರಕಾರ, ಹಾವು ಕಡಿದವನನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವವನು ಅಪರಾಧಿ. ಅವನಿಗೆ ಜೈಲು. ಸರಿಯಾದ ಕಾನೂನೇ, ಇರಲೇಬೇಕು. ಆದರೆ ಕೇರಿಯ ಮಂತ್ರವಾದಿ ಒಂದು ಸಲಕ್ಕೆ ಒಬ್ಬನ ದಾರಿ ತಪ್ಪಿಸುತ್ತಾನೆ. ಟೀವಿಯ ಮಂತ್ರವಾದಿ ಒಂದು ಬೆಳಿಗ್ಗೆಗೆ ಒಂದು ದೇಶದ ದಾರಿ ತಪ್ಪಿಸುತ್ತಾನೆ. ಮೊದಲನೆಯವನು ಕಂಬಿ ಎಣಿಸಬೇಕು, ಎರಡನೆಯವನು ಪತ್ರಿಕೆಯಲ್ಲಿ ಕ್ಷಮೆ ಕೇಳಿದರೆ ಸಾಕು. ಹಾಗಂತ ಎರಡನೆಯವನಿಗೆ ಕಾನೂನೇ ಇಲ್ಲ ಅಂತಲ್ಲ. ಔಷಧಿಯ ಸುಳ್ಳು ಜಾಹೀರಾತಿಗೆ ಜೈಲು ವಿಧಿಸುವ ಕಾಯಿದೆ 1954ರಿಂದಲೂ ಇದೆ. ಕಾನೂನು ಮುಪ್ಪಾಯಿತು, ಮನುಷ್ಯ ನೋಡಿ ಮಣೆ ಹಾಕುವುದು ಮಾತ್ರ ನಿಲ್ಲಲಿಲ್ಲ.

2024ರ ನವೆಂಬರಿನಲ್ಲಿ ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಪತ್ರಕರ್ತರನ್ನು ಕರೆದರು. ನಾಲ್ಕನೆಯ ಹಂತದ ಕ್ಯಾನ್ಸರಿನಿಂದ ತಮ್ಮ ಪತ್ನಿ ಪಾರಾದರು ಅಂದರು. ನಿಂಬೆ ನೀರು, ಹಸಿ ಅರಿಶಿನ, ಬೇವಿನಸೊಪ್ಪು, ತುಳಸಿ ತಿಂದು, ಸಕ್ಕರೆ ಬಿಟ್ಟು ರೋಗ ಗೆದ್ದ ಕಥೆ ಹೇಳಿದರು. ಆ ತಾಯಿ ಗುಣವಾದದ್ದು ಎಲ್ಲರಿಗೂ ಸಂತೋಷದ ವಿಷಯ. ಆದರೆ ಅವರಿಗೆ ಶಸ್ತ್ರಚಿಕಿತ್ಸೆ ಆಗಿತ್ತು, ಕಿಮೋಥೆರಪಿ ಆಗಿತ್ತು. ಟಾಟಾ ಮೆಮೋರಿಯಲ್ ಆಸ್ಪತ್ರೆಯ ಈಗಿನ ಮತ್ತು ಹಿಂದಿನ 262 ಕ್ಯಾನ್ಸರ್ ತಜ್ಞರು ಸಹಿ ಹಾಕಿ, ಇಂಥ ಮಾತು ನಂಬಿ ಚಿಕಿತ್ಸೆ ತಡಮಾಡಬೇಡಿ ಅಂತ ಹೇಳಿಕೆ ಕೊಟ್ಟರು. ವೈದ್ಯರ ಚಿಕಿತ್ಸೆಯ ಜೊತೆಗೇ ಈ ಪಥ್ಯ ಮಾಡಿದ್ದು ಅಂತ ಸಿಧು ಆಮೇಲೆ ವಿವರಿಸಿದರು. ಹಾಗಾದರೆ ಕಥೆಯ ನಾಯಕ ಯಾರು? ಗೆದ್ದ ಕೀರ್ತಿ ಬೇವಿಗೆ ಹೋಯಿತು. ಕತ್ತರಿ ಹಿಡಿದ ವೈದ್ಯ, ರಾತ್ರಿ ಎದ್ದು ಕೂತ ನರ್ಸು, ಕಟ್ಟಿದ ಬಿಲ್ಲು, ಇವು ಕಥೆಯಿಂದ ಕೆಳಗಿಳಿದವು. ಎದೆಯಲ್ಲಿ ಗಂಟು ಮುಟ್ಟಿ ನೋಡಿಕೊಂಡು, ಯಾರಿಗೂ ಹೇಳಲು ನಾಚಿ ಕೂತಿರುವ ಕೂಲಿ ಹೆಣ್ಣುಮಗಳ ಕಿವಿಗೆ ಬಿದ್ದದ್ದು ಬೇವು ಮಾತ್ರ. ಬೇವಿನಮರ ಮನೆಯ ಮುಂದೆಯೇ ಇದೆ. ಕಿದ್ವಾಯಿ ಆಸ್ಪತ್ರೆ ಬೆಂಗಳೂರಿನಲ್ಲಿದೆ. ಅವಳು ಯಾವ ಕಡೆ ಕಾಲು ಹಾಕಬೇಕು ಹೇಳಿ?

ಇಂಥ ಸಲಹೆ ಆಳುವವರಿಗೂ ಅನುಕೂಲ. 2021ರ ಏಪ್ರಿಲ್‌ನಲ್ಲಿ ನಮ್ಮದೇ ನಾಡಿನ ಒಬ್ಬ ಶ್ರೀಮಂತ ಉದ್ಯಮಿ, ಮಾಜಿ ಸಂಸದರು, ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕ ಏರುತ್ತದೆ ಅಂತ ಬೋಧಿಸಿದರು. ಮರುತಿಂಗಳು, ಮೇ 2 ಮತ್ತು 3ರ ನಡುವೆ, ಆಮ್ಲಜನಕದ ಕೊರತೆ ಇದ್ದ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 24 ಜನ ಸತ್ತರು. ಸಿಲಿಂಡರು ಒದಗಿಸಬೇಕಾದ ವ್ಯವಸ್ಥೆ ಕೈಕೊಟ್ಟ ಹೊತ್ತಲ್ಲಿ ನಿಂಬೆಹಣ್ಣು ಹೇಳಿದರೆ ಏನಾಗುತ್ತದೆ? ಸರ್ಕಾರದ ಹೊಣೆ ರೋಗಿಯ ತಲೆಗೆ ಬರುತ್ತದೆ. ನಿನ್ನ ಆಮ್ಲಜನಕ ನೀನೇ ಮಾಡಿಕೋ, ನಿನ್ನ ಶಕ್ತಿ ನೀನೇ ಬೆಳೆಸಿಕೋ. ಆಸ್ಪತ್ರೆ ಯಾಕಿಲ್ಲ ಅಂತ ಕೇಳಬೇಕಾದವನು ಅಡುಗೆಮನೆಯಲ್ಲಿ ನಿಂಬೆ ಹುಡುಕುತ್ತಾನೆ. ಕರ್ಮಸಿದ್ಧಾಂತ ನಮಗೆ ಸಾವಿರಾರು ವರ್ಷ ಹೇಳಿದ್ದೂ ಇದೇ ಅಲ್ಲವೇ?

ಹೆಸರಿದ್ದವರೆಲ್ಲ ಕೆಟ್ಟದ್ದನ್ನೇ ಮಾಡಿದರು ಅಂದರೆ ಅದೂ ಸುಳ್ಳಾಗುತ್ತದೆ. ಅಮಿತಾಭ್ ಬಚ್ಚನ್ ಎರಡು ಹನಿ ಹಾಕಿಸಿ ಅಂತ ವರ್ಷಗಟ್ಟಲೆ ಕೂಗಿ ಹೇಳಿದರು. 2009ರಲ್ಲಿ 741 ಪೋಲಿಯೋ ಪ್ರಕರಣ ಕಂಡಿದ್ದ ದೇಶದಲ್ಲಿ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಬಂಗಾಳದ ಹೌರಾದಲ್ಲಿ ಆಯಿತು. 2014ರ ಮಾರ್ಚ್ 27ರಂದು ಪೋಲಿಯೋಮುಕ್ತ ಅನ್ನುವ ಪ್ರಮಾಣಪತ್ರ ಸಿಕ್ಕಿತು. ಅದೇ ಬಚ್ಚನ್ 2020ರ ಮಾರ್ಚ್‌ನಲ್ಲಿ ಅಮಾವಾಸ್ಯೆ, ಶಂಖ, ಚಪ್ಪಾಳೆಗಳ ಕಂಪನದಿಂದ ವೈರಾಣುವಿನ ಶಕ್ತಿ ಕುಗ್ಗುತ್ತದೆ ಅನ್ನುವ ಮಾತು ಹಂಚಿದರು, ಟೀಕೆ ಬಂದ ಮೇಲೆ ಅಳಿಸಿದರು. ಜುಲೈನಲ್ಲಿ ಸೋಂಕು ತಗುಲಿದಾಗ ಮುಂಬೈನ ನಾನಾವತಿ ಆಸ್ಪತ್ರೆ ಸೇರಿದರು. ಬಾಯಿ ಒಂದೇ, ದನಿಯೂ ಒಂದೇ. ಪೋಲಿಯೋ ಕಾಲದಲ್ಲಿ ಆ ದನಿಯ ಹಿಂದೆ ವೈದ್ಯರು ಬರೆದುಕೊಟ್ಟ ಮಾತಿತ್ತು. ಮುಂದೆ ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಮನೆಮನೆ ತಿರುಗುವ ಹೆಂಗಸರಿದ್ದರು. ಅಮಾವಾಸ್ಯೆಯ ಮಾತಿನ ಹಿಂದೆಯೂ ಯಾರಿರಲಿಲ್ಲ, ಮುಂದೆಯೂ ಯಾರಿರಲಿಲ್ಲ.

ದೊಡ್ಡವರ ಮುಖ ತೋರಿಸಿ ಲಸಿಕೆ ಹಾಕಿಸುವುದು ಕರ್ನಾಟಕಕ್ಕೆ ಹೊಸದಲ್ಲ. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೈಸೂರು ರಾಣಿಯರ ಚಿತ್ರ ಒಂದಿದೆ. ಅದು ಸಿಡುಬಿನ ಲಸಿಕೆಗೆ ಮಾಡಿದ ಪ್ರಚಾರ ಅಂತ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ರಾಣಿ ಸೆರಗು ಸರಿಸಿ ತೋಳು ತೋರಿಸಿದ್ದು ದೊಡ್ಡ ಕೆಲಸವೇ. ಆದರೆ ಆ ಕಾಲದಲ್ಲಿ ಲಸಿಕೆ ಊರಿಂದೂರಿಗೆ ಹೋಗುತ್ತಿದ್ದದ್ದು ಹೇಗೆ? ಒಂದು ಮಗುವಿನ ತೋಳಿನ ಗುಳ್ಳೆಯಿಂದ ಇನ್ನೊಂದು ಮಗುವಿನ ತೋಳಿಗೆ. 1802ರ ಜೂನ್ 14ರಂದು ಮುಂಬೈಯಲ್ಲಿ ಭಾರತದ ಮೊದಲ ಲಸಿಕೆ ಹಾಕಿಸಿಕೊಂಡದ್ದು ಮೂರು ವರ್ಷದ ಆನಾ ಡಸ್ಟ್‌ಹಾಲ್, ಒಬ್ಬ ಸೇವಕಿಯ ಮಗಳು. ಕೀಳುಜಾತಿಯ ಮಗುವಿನ ಮೈಯ ರಸ ನಮ್ಮ ಮೈಗೆ ಬೇಡ ಅಂತ ಮೇಲ್ಜಾತಿಗಳು ತಕರಾರು ತೆಗೆದದ್ದೂ ಚರಿತ್ರೆಯಲ್ಲಿದೆ. ತೋಳು ಕೊಟ್ಟ ಬಡಮಕ್ಕಳಲ್ಲಿ ಚಿತ್ರ ಬರೆಸಿಕೊಂಡವರು ಎಷ್ಟು ಜನ? ಇವತ್ತೂ ಹಾಗೆಯೇ. 2020ರ ಜುಲೈನಲ್ಲಿ, ಕೊರೋನಾ ಮಧ್ಯೆ, ನಮ್ಮ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕೂ ಸುರಕ್ಷಾ ಸಾಮಗ್ರಿಗೂ ಬೀದಿಗಿಳಿಯಬೇಕಾಯಿತು.

ಇಷ್ಟು ಹೇಳಿದ ಮೇಲೆ ಒಂದು ಮಾತು ಮರೆಯಬಾರದು. ನಮ್ಮ ಜನ ಸೂಜಿಗೆ ಹೆದರಿದರೆ ಅದಕ್ಕೆ ಕಾರಣ ಇದೆ. ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು; ಎಷ್ಟೋ ಬಡವರನ್ನು ಹಿಡಿದುಕೊಂಡು ಹೋಗಿ ಮಾಡಿದರು. 2009ರಲ್ಲಿ ಆಂಧ್ರದ ಖಮ್ಮಂನಲ್ಲಿ ಆದಿವಾಸಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆದಾಗ, ಹಾಸ್ಟೆಲಿನ ಮಕ್ಕಳ ಪರವಾಗಿ ವಾರ್ಡನ್‌ಗಳು ಒಪ್ಪಿಗೆ ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸಮಿತಿ ಅದನ್ನು ಖಂಡಿಸಿತು. ಆ ಲಸಿಕೆ ಒಳ್ಳೆಯದು, ಕ್ಯಾನ್ಸರ್ ತಡೆಯುತ್ತದೆ. ಆದರೂ ಒಪ್ಪಿಗೆ ಕೇಳದೆ ಚುಚ್ಚಿದ್ದು ತಪ್ಪು. ಹೀಗೆ ಕೇಳುವುದು ಪ್ರಶ್ನೆ. ಲಸಿಕೆಯಿಂದಲೇ ಜನ ಸಾಯುತ್ತಾರೆ ಅಂತ ಆಧಾರವಿಲ್ಲದೆ ಹಬ್ಬಿಸುವುದು ಪುಕಾರು. ಪ್ರಶ್ನೆ ನಮ್ಮ ಹಕ್ಕು. ಪುಕಾರು ಅವರ ವ್ಯಾಪಾರ.

ನಾಟಿ ಮದ್ದಿನ ಬಗ್ಗೆ ನಮಗೆ ತಾತ್ಸಾರ ಇಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮ ದುಡ್ಡು ಕೇಳದೆ ಸಾವಿರಾರು ಹೆರಿಗೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಪಡೆದರು. ಅಂಥವರ ಅರಿವು ದುಡಿಮೆಯಿಂದ ಬಂದದ್ದು. ಕಾಡುಮೇಡು ತಿರುಗಿ ನಮ್ಮ ಅಜ್ಜಿಯಂದಿರು ಗುರುತಿಟ್ಟ ಸೊಪ್ಪನ್ನೇ ಡಬ್ಬಿಗೆ ತುಂಬಿ, ಋಷಿಮುನಿಗಳ ಹೆಸರು ಅಂಟಿಸಿ, ನಮಗೇ ಮಾರುವುದಿದೆಯಲ್ಲ, ಅದು ಅರಿವಲ್ಲ. ಅಂಗಡಿ.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿ, ದೊಡ್ಡ ದೊಡ್ಡ ಬಾಬಾಗಳನ್ನೇ ಕರೆದು ಕೇಳಿದರು. ಆ ಕೆಲಸ ಈಗ ಹಳ್ಳಿಯ ಶಾಲೆಯಲ್ಲಿ ಆಗಬೇಕು. ಮೇಷ್ಟ್ರುಗಳೇ, ಸಂಘಟನೆಯ ಗೆಳೆಯರೇ, ಕರಿಹಲಗೆಯ ಮೇಲೆ ಮೂರೇ ಪ್ರಶ್ನೆ ಬರೆಯಿರಿ. ಈ ಮಾತು ಹೇಳಿದವನು ತನಗೆ ಕಾಯಿಲೆ ಬಂದಾಗ ಎಲ್ಲಿಗೆ ಹೋದ? ಇದರಿಂದ ದುಡ್ಡು ಯಾರಿಗೆ? ಎಷ್ಟು ಜನರಿಗೆ ಕೊಟ್ಟು ನೋಡಿದ್ದಾರೆ, ಎಷ್ಟು ಜನರಿಗೆ ಗುಣವಾಗಲಿಲ್ಲ? ಏಳನೆಯ ಕ್ಲಾಸಿನ ಹುಡುಗಿ ಈ ಮೂರು ಪ್ರಶ್ನೆ ಮನೆಗೆ ಒಯ್ದರೆ ಅವಳ ಅಪ್ಪ ಫೋನಿನಲ್ಲಿ ಬಂದ ವಿಡಿಯೋವನ್ನು ಇನ್ನೊಬ್ಬರಿಗೆ ಕಳಿಸುವ ಮುಂಚೆ ಒಂದು ಗಳಿಗೆ ನಿಲ್ಲುತ್ತಾನೆ.

ಪ್ರಶ್ನೆ ಕೇಳಿದ್ದು ಸಾಕು ಅಂತ ಅಲ್ಲಿಗೇ ನಿಲ್ಲುವುದೂ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಡಾಕ್ಟರು ಯಾವ ದಿನ ಬರುತ್ತಾರೆ, ಔಷಧಿ ಏನೇನಿದೆ, ಹಾವು ಕಡಿತದ ಮದ್ದು ಇದೆಯೋ ಇಲ್ಲವೋ ಅಂತ ಬರೆದುಕೊಂಡು ಬನ್ನಿ. ಇಲ್ಲದಿದ್ದರೆ ಪಂಚಾಯಿತಿಯ ಮುಂದೆ ಕೂರೋಣ. ಬಾಬಾಗಳ ಸುಳ್ಳಿಗೆ ಊರಿನಲ್ಲಿ ಜಾಗ ಸಿಗುವುದು ಆ ಕೇಂದ್ರದ ಬಾಗಿಲು ಮುಚ್ಚಿರುವುದರಿಂದ. ಬಾಗಿಲು ತೆಗೆಸೋಣ.