‘ಕ್ರಿಯಾಪದ’ ಮತ್ತು ‘ಆಖ್ಯಾತ’: ಒಂದು ಪರಿಭಾಷೆಯ ವಿಮರ್ಶೆ

ವ್ಯಾಕರಣದ ಪಾರಿಭಾಷಿಕ ಪದಗಳು ಭಾಷೆಯಿಂದ ಭಾಷೆಗೆ ಸುಲಭವಾಗಿ ಸಲ್ಲುತ್ತವೆ. ಅವು ಹೆಸರಿಸುವ ವಸ್ತು ಹಾಗೆ ಸಲ್ಲುವುದಿಲ್ಲ. ‘ಕ್ರಿಯಾಪದ’ವೆಂಬುದು ಕನ್ನಡ ಶಾಲಾವ್ಯಾಕರಣದಲ್ಲಿ ಇರುವಂತೆಯೇ ಗುಜರಾತಿಯಲ್ಲಿಯೂ ಇದೆ. ಅಹಮದಾಬಾದು, ವಡೋದರಾ, ಸೂರತ್ ನಗರಗಳಲ್ಲಿದ್ದು ಈ ಎರಡು ಭಾಷೆಗಳನ್ನು ತೌಲನಿಕವಾಗಿ ನೋಡುವವರಿಗೆ ಈ ಸಾಮ್ಯ ಅನುಕೂಲವೆನಿಸಬಹುದು. ಆದರೆ ತೊಡಕು ಇರುವುದೂ ಅಲ್ಲಿಯೇ.

ಮೊದಲು ಪದಗಳ ನಿಷ್ಪತ್ತಿಯನ್ನು ಗಮನಿಸಬೇಕು. ‘ಕ್ರಿಯಾ’ ಎಂಬುದು ‘ಮಾಡು’ ಎಂಬರ್ಥದ ‘ಕೃ’ ಧಾತುವಿನಿಂದ ಬಂದಿದೆ. ಇದಕ್ಕಿಂತ ಪ್ರಾಚೀನವಾದ ‘ಆಖ್ಯಾತ’ವು ‘ಹೇಳು’ ಎಂಬರ್ಥದ ‘ಖ್ಯಾ’ ಧಾತುವಿನದು; ‘ಹೇಳಲ್ಪಟ್ಟುದು’ ಎಂಬುದು ಅದರ ವಾಚ್ಯಾರ್ಥ. ಯಾಸ್ಕನು ನಾಮಕ್ಕೆ ಪ್ರತಿಯಾಗಿ ನಿಲ್ಲಿಸಿದ್ದು ಇದನ್ನೇ. ಗ್ರೀಕರ ‘ರೇಮಾ’ ಎಂಬ ಪದದ ಮೂಲಾರ್ಥವೂ ‘ಹೇಳಿದ್ದು’ ಎಂದೇ. ಒಂದು ಹೆಸರು ಲೋಕದ ವ್ಯಾಪಾರವನ್ನು ನೋಡಿ ಇಟ್ಟದ್ದು, ಇನ್ನೊಂದು ವಾಕ್ಯದೊಳಗಿನ ಕೆಲಸವನ್ನು ನೋಡಿ ಇಟ್ಟದ್ದು.

ಅರ್ಥವನ್ನು ಆಧರಿಸಿದ ಲಕ್ಷಣದ ಇತಿಹಾಸದಲ್ಲಿ ಕರ್ನಾಟಕ ಮತ್ತು ಗುಜರಾತು ಸಂಧಿಸುತ್ತವೆ. ಪಾಣಿನಿಯು ‘ಭೂ’ ಮೊದಲಾದವು ಧಾತುಗಳೆಂದು ಪಟ್ಟಿಯ ಮೂಲಕ ನಿರ್ದೇಶಿಸಿದನು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಶಾಕಟಾಯನನು (ಪಾಲ್ಯಕೀರ್ತಿ) ಕ್ರಿಯೆಯೇ ಅರ್ಥವಾಗಿ ಉಳ್ಳುದು ಧಾತುವೆಂದು ಲಕ್ಷಣ ಹೇಳಿದನು. ಅವನ ವೃತ್ತಿಗೆ ಅರಸನ ಹೆಸರೇ ಇದೆ. ಲಾಟದೇಶವನ್ನು ಆಗ ಆಳುತ್ತಿದ್ದುದು ರಾಷ್ಟ್ರಕೂಟರದೇ ಶಾಖೆ; ಕರ್ಕನ 812ರ ವಡೋದರಾ ಮತ್ತು 821ರ ಸೂರತ್ ತಾಮ್ರಪಟಗಳು ಇದಕ್ಕೆ ಸಾಕ್ಷಿ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಜ ಜಯಸಿಂಹನ ಆಶ್ರಯದಲ್ಲಿ ಅಣಹಿಲವಾಡದ ಹೇಮಚಂದ್ರನು ರಚಿಸಿದ ‘ಸಿದ್ಧಹೇಮ’ವು ಶಾಕಟಾಯನನಿಗೆ ಬಹಳ ಋಣಿ; ಧಾತುಲಕ್ಷಣದಲ್ಲಿ ಈ ಋಣ ಸ್ಪಷ್ಟ. ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದ ಕೇಶಿರಾಜನೂ ಧಾತುವನ್ನು ಕ್ರಿಯಾರ್ಥದಿಂದಲೇ ಗುರುತಿಸುತ್ತಾನೆ. ಆದರೆ ಪ್ರತ್ಯಯರಹಿತವೆಂಬ ರೂಪಲಕ್ಷಣವನ್ನೂ ಸೇರಿಸುತ್ತಾನೆ. ಪ್ರಕರಣಕ್ಕೆ ‘ಆಖ್ಯಾತ’ವೆಂಬ ಹಳೆಯ ಹೆಸರನ್ನೇ ಉಳಿಸುತ್ತಾನೆ. ಅರ್ಥವೊಂದೇ ಸಾಲದೆಂಬ ಎಚ್ಚರ ಇಲ್ಲಿದೆ. ಈಚಿನ ಶಾಲಾವ್ಯಾಕರಣವು ಕೈಬಿಟ್ಟದ್ದು ಈ ಎಚ್ಚರವನ್ನೇ.

ಪರಿಣಾಮವನ್ನು ಉದಾಹರಣೆಗಳಲ್ಲಿ ಕಾಣಬಹುದು. ಗುಜರಾತಿಯ ‘ಆ ಝಾಡ ಛೆ’ ಎಂಬಲ್ಲಿ ‘ಛೆ’ ಬೇಕು. ಕನ್ನಡದ ‘ಇದು ಮರ’ ಎಂಬುದು ಕ್ರಿಯಾಪದವಿಲ್ಲದೆಯೇ ಪೂರ್ಣವಾಕ್ಯ. ‘ಮೇಂ ಚೋಪಡೀ ವಾಂಚೀ’ ಎಂಬಲ್ಲಿ ‘ವಾಂಚೀ’ ರೂಪವು ಸ್ತ್ರೀಲಿಂಗದ ಕರ್ಮವನ್ನು ಅನುಸರಿಸುತ್ತದೆ. ‘ನಾನು ಪುಸ್ತಕ ಓದಿದೆನು’ ಎಂಬಲ್ಲಿ ಕ್ರಿಯಾಪದವು ಕರ್ತೃವನ್ನೇ ಅನುಸರಿಸುತ್ತದೆ. ಗುಜರಾತಿಯ ನಿಷೇಧಕ್ಕೆ ‘ನಥೀ’ ಎಂಬ ಪ್ರತ್ಯೇಕ ಪದ ಬೇಕು. ಕನ್ನಡದ ‘ಮಾಡೆನು’ ಎಂಬ ಒಂದೇ ಪದದಲ್ಲಿ ಕರ್ತೃವೂ ನಿಷೇಧವೂ ಅಡಗಿವೆ. ಹೆಸರು ಒಂದೇ, ವಸ್ತು ಬೇರೆ.

‘ಬೇಕು’, ‘ಸಾಕು’, ‘ಉಂಟು’, ‘ಅಲ್ಲ’ ಎಂಬುವು ಇನ್ನೂ ಕಠಿನವಾದ ಪರೀಕ್ಷೆ. ಇವು ವಾಕ್ಯವನ್ನು ಮುಗಿಸುತ್ತವೆ. ಆದರೆ ಇವುಗಳಲ್ಲಿ ಮಾಡುವ ಕೆಲಸವೇನೂ ಇಲ್ಲ. ರೂಢಿಯ ವ್ಯಾಕರಣವು ಇವನ್ನು ‘ಕ್ರಿಯಾರ್ಥಕಾವ್ಯಯ’ವೆಂದು ಕರೆಯುತ್ತದೆ. ಕ್ರಿಯೆಯಿಲ್ಲದ ಕಡೆ ಕ್ರಿಯಾರ್ಥವನ್ನು ಆರೋಪಿಸಬೇಕಾಗಿ ಬಂದದ್ದು ಲಕ್ಷಣದ ದೋಷವೇ ಹೊರತು ಭಾಷೆಯದಲ್ಲ.

ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿ, ‘ಎಸಕಪದ’ವೆಂಬ ಹೆಸರನ್ನು ಬಳಸಿದ್ದಾರೆ. ರಚನೆಯತ್ತ ಗಮನ ಹರಿಸಿದ ಅವರ ವಾದ ಮಾನ್ಯವಾದುದು. ಆದರೆ ‘ಎಸಗು’ ಎಂಬುದೂ ಮಾಡುವುದೇ ಆದ್ದರಿಂದ, ಹೆಸರಿನ ಮಟ್ಟಿಗೆ ಹಳೆಯ ತೊಡಕು ಅಚ್ಚಗನ್ನಡದಲ್ಲಿ ಮುಂದುವರಿಯುತ್ತದೆ. ‘ಆಖ್ಯಾತ’ವು ಸಂಸ್ಕೃತಪದವಾದರೂ ಅದರ ಅರ್ಥವು ‘ಇದು ಮರ’, ‘ನೀರು ಸಾಕು’ ಎಂಬಂಥ ವಾಕ್ಯಗಳಿಗೂ ಹೊಂದುತ್ತದೆ. ಕೇಶಿರಾಜನಲ್ಲಿ ಅದರ ವ್ಯಾಪ್ತಿ ಪ್ರತ್ಯಯಾಂತ ರೂಪಗಳಿಗೆ ಸೀಮಿತವಾಗಿದೆ. ಅದನ್ನು ವಿಸ್ತರಿಸಿಕೊಳ್ಳುವ ಹೊಣೆ ನಮ್ಮದು.

ಹೊರನಾಡಿನಲ್ಲಿ ಕನ್ನಡವನ್ನು ಕಲಿಸುವವರಿಗೂ ಹೋಲಿಸುವವರಿಗೂ ಈ ವಿವೇಚನೆ ಕೇವಲ ಪದಜಿಜ್ಞಾಸೆಯಲ್ಲ. ಕ್ರಿಯೆಯನ್ನು ಹೇಳುವ ಪದ ಯಾವುದೆಂದು ಕೇಳುವ ಮೊದಲು, ವಾಕ್ಯದಲ್ಲಿ ಹೇಳಿಕೆಯನ್ನು ಪೂರ್ಣಗೊಳಿಸುವ ಅಂಶ ಯಾವುದೆಂದು ಕೇಳಬೇಕು. ಆಗ ಗುಜರಾತಿಯ ‘ಛೆ’ ಕನ್ನಡದಲ್ಲಿ ಇಲ್ಲದಿರುವುದು ಕೊರತೆಯೆನಿಸದೆ ಕನ್ನಡದ ಸ್ವಭಾವವೆಂದು ತಿಳಿಯುತ್ತದೆ.