ಗದಾಯುದ್ಧದ ಇಬ್ಬರು ತರುಣರು

ರನ್ನನ ‘ಗದಾಯುದ್ಧ’ವನ್ನು ಕೊಂಡಾಡುವವರು ಬಹುಮಟ್ಟಿಗೆ ಭೀಮನ ಗದೆಯನ್ನೇ ಕಾಣುತ್ತಾರೆ. ಹತ್ತನೆಯ ಶತಮಾನದ ಈ ಜೈನಕವಿಯ ನಿಜವಾದ ಹಿರಿಮೆ, ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆಯುವ ಭಾಗದಲ್ಲಿದೆ. ಅಲ್ಲಿ ಅವನು ಹಗೆಯ ಮಗನಾದ ಅಭಿಮನ್ಯುವಿನ ಸಾಹಸವನ್ನು ಮನಸಾರೆ ಹೊಗಳಿ, ತನಗೂ ಅಂಥ ಮರಣ ಒದಗಲೆಂದು ಬಯಸುತ್ತಾನೆ. ಲಕ್ಷಣಕುಮಾರನ ಕಳೇಬರದ ಮುಂದಾದರೋ ವೀರನು ಮರೆಯಾಗಿ ತಂದೆಯೊಬ್ಬನೇ ಉಳಿಯುತ್ತಾನೆ. ಮಗನು ತಂದೆಗೆ ಸಲ್ಲಿಸಬೇಕಾದ ಜಲಾಂಜಲಿಯನ್ನು ತಂದೆಯೇ ಮಗನಿಗೆ ಸಲ್ಲಿಸಬೇಕಾದ ಕ್ರಮಭಂಗವೇ ಅವನ ಅಳಲು.

1962ರ ಚೀನಾ ಯುದ್ಧದ ತರುವಾಯ ಪದವೀಧರ ತರುಣರು ಅಲ್ಪಕಾಲದ ತರಬೇತಿ ಪಡೆದು ತುರ್ತು ನೇಮಕದ ಅಧಿಕಾರಿಗಳಾದರು. ಮದರಾಸಿನ ತರಬೇತಿ ಶಾಲೆ 1963ರಲ್ಲಿ ಆರಂಭವಾದುದು ಇದಕ್ಕಾಗಿಯೇ. 1965ರಲ್ಲಿ ಅವರಲ್ಲಿ ಅನೇಕರು ರಣರಂಗದಲ್ಲಿದ್ದರು. ಶಿವನಸಮುದ್ರದಲ್ಲಾಗಲಿ ಮಳವಳ್ಳಿಯಲ್ಲಾಗಲಿ, ಕಾಲೇಜು ಮುಗಿಸಿದ ಮಗನನ್ನು ಸೇನೆಗೆ ಕಳುಹಿಸಿದ ತಂದೆಗೆ ರನ್ನನ ಈ ಪದ್ಯಗಳಿಗೆ ಟೀಕೆ ಬೇಕಿಲ್ಲ.

ಸೊಸೆಗೆ? ಅಭಿಮನ್ಯು ವಿವಾಹಿತ, ಉತ್ತರೆ ಗರ್ಭಿಣಿ. ದುರ್ಯೋಧನನ ಆ ನಡಿಗೆಯಲ್ಲಿ ಅವಳ ದನಿಗೆ ಎಡೆಯಿಲ್ಲ. ಕಥಾಸಂದರ್ಭ ಅದಕ್ಕೆ ಅವಕಾಶ ಕೊಡದೆಂದು ಪಂಡಿತರು ಸಮಾಧಾನ ಹೇಳಬಹುದು. ಆದರೆ ಅದೇ ರಣಭೂಮಿಗೆ ಧೃತರಾಷ್ಟ್ರ ಗಾಂಧಾರಿಯರನ್ನು ಕರೆತಂದು, ಸಂಧಿ ಮಾಡಿಕೊಳ್ಳೆಂದು ಮಗನಿಗೆ ಹೇಳಿಸಿದ ಕವಿ ಇವನೇ. ಉತ್ತರೆಯ ಬಾಯಲ್ಲಿ ಒಂದು ಪದ್ಯವನ್ನಾದರೂ ಆಡಿಸಬಹುದಿತ್ತು.