ಲೂಸಿ ಸ್ಟೋನ್ ಸೌಮ್ಯವಾದಿಯೇ?

ಅಮೆರಿಕದ ಮಹಿಳಾ ಮತದಾನದ ಹೋರಾಟ ಎಂದೊಡನೆ ನೆನಪಾಗುವುದು ಸೂಸನ್ ಬಿ. ಆಂಟನಿ ಮತ್ತು ಎಲಿಜಬೆತ್ ಕೇಡಿ ಸ್ಟ್ಯಾಂಟನ್. ಲೂಸಿ ಸ್ಟೋನ್ ಹೆಸರು ಬಂದರೂ ‘ಸೌಮ್ಯವಾದಿ’ ಎಂಬ ಹಣೆಪಟ್ಟಿ ಹೊತ್ತೇ ಬರುತ್ತದೆ. ಅವರ ಬದುಕನ್ನು ನೋಡಿದವರು ಇದನ್ನು ಹೇಗೆ ಒಪ್ಪುತ್ತಾರೋ ನನಗೆ ತಿಳಿಯದು.

1855ರಲ್ಲಿ ಹೆನ್ರಿ ಬ್ಲ್ಯಾಕ್‌ವೆಲ್‌ರನ್ನು ವರಿಸಿದಾಗ, ಹೆಂಡತಿಯ ಮೈ, ಆಸ್ತಿ, ಮಕ್ಕಳ ಮೇಲೆಲ್ಲ ಗಂಡನಿಗೇ ಅಧಿಕಾರ ಕೊಡುವ ಕಾನೂನಿನ ವಿರುದ್ಧ ಇಬ್ಬರೂ ಬರೆದ ಪ್ರತಿಭಟನೆಯನ್ನು ಮದುವೆಯಲ್ಲೇ ಓದಲಾಯಿತು. 1858ರಲ್ಲಿ, ನ್ಯೂಜೆರ್ಸಿಯ ಆರೆಂಜ್ ಊರಿನಲ್ಲಿ, ಮತವಿಲ್ಲದವಳು ತೆರಿಗೆ ಯಾಕೆ ಕಟ್ಟಬೇಕೆಂದು ಪಟ್ಟು ಹಿಡಿದರು. ಅಧಿಕಾರಿಗಳು ಮನೆಯ ಸಾಮಾನನ್ನು ಹರಾಜು ಹಾಕಿದರು. 1879ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ಶಾಲಾ ಸಮಿತಿ ಚುನಾವಣೆಯಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಟ್ಟಿತು. ಲೂಸಿ ನೋಂದಾಯಿಸಿಕೊಂಡರು. ಗಂಡನ ಅಡ್ಡಹೆಸರು ಬರೆಯಬೇಕೆಂದರು ಅಧಿಕಾರಿಗಳು, ತಮ್ಮದೇ ಹೆಸರು ಬಿಡಲು ಲೂಸಿ ಒಲ್ಲೆನೆಂದರು. ಪಟ್ಟಿಯಿಂದ ಅವರ ಹೆಸರೇ ಹೋಯಿತು. ಜೀವಮಾನವಿಡೀ ಬೇಡಿದ ಮತ ಕೈಗೆ ಬಂದಾಗಲೂ, ಹೆಸರು ಬಿಟ್ಟುಕೊಟ್ಟು ಅದನ್ನು ಪಡೆಯಲು ಒಪ್ಪದವರು ಸೌಮ್ಯವಾದಿಯೇ?

ಹಣೆಪಟ್ಟಿಯ ಮೂಲ ಇರುವುದು 1869ರಲ್ಲಿ ಚಳವಳಿಯನ್ನು ಎರಡು ಬಣವಾಗಿಸಿದ ಒಡಕಿನಲ್ಲಿ. ಜನಾಂಗದ ಕಾರಣಕ್ಕೆ ಮತ ನಿರಾಕರಿಸಬಾರದೆಂಬ, ಸಂವಿಧಾನದ ಹದಿನೈದನೆಯ ತಿದ್ದುಪಡಿ ಹೆಂಗಸರನ್ನು ಹೊರಗಿಟ್ಟಿತು. ಸ್ಟ್ಯಾಂಟನ್, ಆಂಟನಿ ಅದನ್ನು ವಿರೋಧಿಸಿದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನಲ್ಲಿ ಸ್ಟ್ಯಾಂಟನ್ ಕಪ್ಪು ಜನರ ಬಗ್ಗೆ, ವಲಸಿಗರ ಬಗ್ಗೆ ಆಡಿದ ತಿರಸ್ಕಾರದ ಮಾತುಗಳನ್ನು ಸಮರ್ಥಿಸಲಾಗದು. ಗುಲಾಮಗಿರಿಯ ವಿರುದ್ಧ ಊರೂರು ಸುತ್ತಿ ಭಾಷಣ ಮಾಡಿದ್ದ ಲೂಸಿ ತಿದ್ದುಪಡಿಯ ಪರ ನಿಂತರು. ನನ್ನ ಮಟ್ಟಿಗೆ ಅದೇ ಕಷ್ಟದ ದಾರಿ.

ಲೂಸಿಯವರ ಬಣ ವಿಚ್ಛೇದನದಂಥ ವಿಷಯಗಳನ್ನು ಬದಿಗಿಟ್ಟು, ಒಂದೊಂದೇ ರಾಜ್ಯದಲ್ಲಿ ಮತ ಗಿಟ್ಟಿಸಲು ಹೊರಟಿತೆನ್ನುವುದು ನಿಜ. ಅದು ಕಾರ್ಯತಂತ್ರ, ಹಿಂಜರಿಕೆಯಲ್ಲ. 1893ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಮರುತಿಂಗಳೇ ಕೊಲೊರಾಡೊದ ಗಂಡಸರು ಜನಮತಗಣನೆಯಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಟ್ಟರು.

ಹಾಗಿದ್ದೂ ಹೆಸರು ಹಿಂದೆ ಬಿದ್ದದ್ದೇಕೆ? ಚಳವಳಿಯ ಚರಿತ್ರೆ ಬರೆದವರು ಸ್ಟ್ಯಾಂಟನ್, ಆಂಟನಿ ಮತ್ತು ಮಟಿಲ್ಡಾ ಜೋಸ್ಲಿನ್ ಗೇಜ್. ಮೊದಲ ಸಂಪುಟ 1881ರಲ್ಲಿ ಬಂತು. ಚರಿತ್ರೆ ಬರೆಯಲು ಕಾಲ ಇನ್ನೂ ಬಂದಿಲ್ಲವೆಂದು ಲೂಸಿ ಸಹಕರಿಸಲಿಲ್ಲ. ಅದು ದೊಡ್ಡ ತಪ್ಪು, ಅದನ್ನು ಮುಚ್ಚಿಡಬೇಕಿಲ್ಲ. ಕೊನೆಗೆ ಅವರ ಬಣದ ಬಗೆಗಿನ ಅಧ್ಯಾಯವನ್ನು ಸ್ಟ್ಯಾಂಟನ್ ಮಗಳು ಹ್ಯಾರಿಯಟ್ ಸಿದ್ಧಪಡಿಸಬೇಕಾಯಿತು. ಎದುರು ಬಣದವರು ಬರೆದುಕೊಂಡ ಚರಿತ್ರೆಯನ್ನು ಮುಂದಿನ ತಲೆಮಾರುಗಳು ಪರಿಶೀಲಿಸದೆ ನಕಲು ಮಾಡಿದ್ದಕ್ಕೆ ಮಾತ್ರ ಲೂಸಿ ಹೊಣೆಯಲ್ಲ.